ಮರಿಗೌಡರ ವ್ಯಾನಿನ ಎಡಗಡೆ ಮೂಲೆ

ವೈಪರ್ ಎಂದರೆ ಮಳೆಗಾಲದ ಸಾಮಾನು ಎಂದುಕೊಂಡಿರುವ ಬೇರೆ ಊರಿನವರು ನನ್ನ ಅಂಗಡಿಯ ಬೋರ್ಡು ಓದಿ ಒಂದು ಸಲ ನಕ್ಕೇ ಮುಂದೆ ಹೋಗುವುದು. 'ಇಂದ್ರಮ್ಮ. ವೈಪರ್ ಮತ್ತು ಗಾಜಿನ ನೀರಿನ ಕೆಲಸ ಮಾತ್ರ.' ಆ ಮಾತ್ರ ಅನ್ನುವುದನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಪಂಕ್ಚರ್ ಹಾಕ್ತೀರಾ, ಬ್ರೇಕ್ ನೋಡ್ತೀರಾ ಎಂದು ಬಂದು ತಲೆ ತಿನ್ನುವವರು ಕಮ್ಮಿಯಾಗಲಿ ಎಂದು. ನಗುವವರು ನಗಲಿ, ನನಗೇನು ನಷ್ಟ? ಊರೊಳಗೆ ಎರಡು ತಿರುವು ದಾಟಿದ ಮೇಲೆ ಅವರೇ ಗಾಡಿ ತಿರುಗಿಸಿಕೊಂಡು ಬಂದು, 'ಅಮ್ಮಾ, ಒಂಚೂರು ನೋಡಿ' ಅನ್ನುತ್ತಾರೆ.

ನಮ್ಮೂರಿನಲ್ಲಿ ಗಾಜು ಕಂಡದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಯಾವುದಾದರೂ ಅದರ ಎದುರು ನೂರು ಎಣಿಸುವಷ್ಟು ಹೊತ್ತು ಇದ್ದರೆ ಹಿಡಿದುಕೊಂಡುಬಿಡುತ್ತದೆ. ಆಮೇಲೆ ನೀರು ಸೋಕುವವರೆಗೂ ಅದನ್ನೇ ತೋರಿಸುತ್ತದೆ, ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕ್ಷೌರದಂಗಡಿಯಲ್ಲಿ ಒಬ್ಬರು ಎದ್ದ ಮೇಲೆ ಕನ್ನಡಿ ಒರೆಸದಿದ್ದರೆ ಮುಂದಿನವರು ಹಿಂದಿನವರ ಅರ್ಧ ಬೋಳಿಸಿದ ಗಡ್ಡ ನೋಡಿಕೊಂಡು ಕೂರಬೇಕು. ಕನ್ನಡಕದವರು ಯಾರನ್ನಾದರೂ ಮಾತಾಡಿಸುವ ಮುಂಚೆ ಹಾ ಎಂದು ಬಾಯಿಯ ಹಬೆ ಊದಿ ಗಾಜು ತಿಕ್ಕಿಕೊಳ್ಳುತ್ತಾರೆ. ಹಾಗೆ ಮಾಡದೆ ಮಾತಾಡಿಸಿದರೆ ಮರ್ಯಾದೆ ಕೊಡಲಿಲ್ಲ ಎಂದೇ ಅರ್ಥ. ನೆಂಟರು ಊರಿಗೆ ಹೊರಟರೆ ಅವರು ತಲುಪಿದ ಸುದ್ದಿ ಬರುವವರೆಗೆ ಬಾಗಿಲ ಪಕ್ಕದ ಕಿಟಕಿ ತೊಳೆಯುವುದಿಲ್ಲ. ಹೆಂಗಸರ ಗಾಜಿನ ಬಳೆಗಳು ಮಾತ್ರ ದಿನವಿಡೀ ನೀರು ಕಾಣುವುದರಿಂದ ತಾವೇ ಶುಭ್ರವಾಗಿರುತ್ತವೆ, ಅದೊಂದು ಪುಣ್ಯ.

ಗಾಡಿಗಳದ್ದೇ ಪಜೀತಿ. ಗಾಜಿನ ಎದುರಿಗೆ ಯಾವಾಗಲೂ ರಸ್ತೆ ಇರುತ್ತದಲ್ಲ, ಅದನ್ನೇ ಹಿಡಿಯುತ್ತದೆ. ನೀರು ಬಿಟ್ಟು ಒರೆಸುತ್ತಲೇ ಇರದಿದ್ದರೆ ಈಗ ಅಡ್ಡ ಬಂದ ಎಮ್ಮೆ ಕಾಣುವುದಿಲ್ಲ, ಆಗಲೇ ಹಟ್ಟಿ ಸೇರಿದ ಎಮ್ಮೆ ಕಾಣುತ್ತದೆ. ಆದ್ದರಿಂದ ಸುಡುಸುಡು ಬಿಸಿಲಿನಲ್ಲೂ ನಮ್ಮೂರ ಬಸ್ಸು, ಲಾರಿ, ವ್ಯಾನು ಎಲ್ಲದರ ವೈಪರೂ ಆಡುತ್ತಿರುತ್ತದೆ. ಇನ್ನೊಂದು ರಿವಾಜಿದೆ. ಗಾಜು ಹಿಡಿದದ್ದು ನೆಟ್ಟಗೆ ಕಾಣುವುದು ಡ್ರೈವರ್ ಸೀಟಿನಿಂದ ಮಾತ್ರ. ಪಕ್ಕದಿಂದಲೋ ಹೊರಗಿನಿಂದಲೋ ನೋಡಿದರೆ ಬರೀ ಮಬ್ಬು. ಹಾಗಾಗಿ ಒಬ್ಬರ ಡ್ರೈವರ್ ಸೀಟಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಕೂತರೆ ಇನ್ನೊಬ್ಬರಿಗೆ ಬಂದ ಕಾಗದ ಒಡೆದು ಓದಿದ ಹಾಗೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವ ನಾನೂ ಕೂತವಳಲ್ಲ. ಓನರನ್ನು ಒಳಗೆ ಕೂರಿಸಿ ಸ್ವಿಚ್ ಹಾಕಿಸುತ್ತೇನೆ, ಹೊರಗಿನಿಂದ ಕಡ್ಡಿಗಳ ಸದ್ದು ಕೇಳಿಯೇ ರೋಗ ಹೇಳುತ್ತೇನೆ. ಸರ್ಕಾರದ ಗಾಜು ತನಿಖೆಯ ಸಾಹೇಬರಿಗೊಬ್ಬರಿಗೆ ಮಾತ್ರ ಎಲ್ಲರ ಸೀಟಿನಲ್ಲೂ ಕೂರುವ ಹಕ್ಕು.

ಮರಿಗೌಡರು ತಮ್ಮ ವ್ಯಾನನ್ನು ನನ್ನ ಅಂಗಡಿಗೆ ತಂದದ್ದು ಒಂದು ಸೋಮವಾರ ಬೆಳಿಗ್ಗೆ. ಇಪ್ಪತ್ತೆರಡು ವರ್ಷದಿಂದ ಮೇಲಿನ ಬೀದಿಯ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನದು. ಬಣ್ಣ ಮೊದಲು ಹಳದಿಯಿತ್ತಂತೆ, ಈಗ ಹಳೇ ಬೆಲ್ಲದ ಬಣ್ಣ. ಗೌಡರಿಗೆ ಅರವತ್ತೊಂದು. ಹೆಗಲ ಮೇಲೊಂದು ಟವೆಲು, ಬಾಯಿ ತುಂಬ ಎಲೆ, ಮಾತು ಕಮ್ಮಿ. ಆವತ್ತು ಎಲೆಯೂ ಇರಲಿಲ್ಲ. ಕೈಯಲ್ಲೊಂದು ಕಾಗದ ಹಿಡಿದುಕೊಂಡು ಇಳಿದರು.

"ಇಂದ್ರವ್ವ, ಈಗ್ತಾನೆ ಎರಡನೇ ಸಲ ಫೇಲ್ ಆಗೋಯ್ತು ಕಣವ್ವ. ಶನಿವಾರ ಕಡೇ ಸಲ. ಅದೂ ಹೋದ್ರೆ ಗಾಡಿ ಗುಜರಿಗೆ, ನಾನು ಜಗಲಿಗೆ. ಅಲ್ಲೀ ಗಂಟ ಮಕ್ಕಳನ್ನ ಹತ್ತಿಸ್ಕಬಾರ್ದಂತೆ. ಇಪ್ಪತ್ತಾರು ಮಕ್ಕಳು ನಡ್ಕಂಡು ಹೋಗ್ಬೇಕು. ನಿನ್ ಕಾಲಿಗೆ ಬೀಳ್ತೀನಿ, ಪಾಸ್ ಮಾಡ್ಸಿಕೊಡು."

"ಕಾಲಿಗೆ ಬೀಳೋದು ಆಮೇಲೆ ಮರಿಯಣ್ಣ. ಮೊದ್ಲು ಹತ್ತಿ ಸ್ವಿಚ್ ಹಾಕಿ," ಎಂದೆ.

ಹಾಕಿದರು. ಎರಡು ಕಡ್ಡಿಯೂ ನರಳಿಕೊಂಡು ಎದ್ದವು, ಅರ್ಧ ದಾರಿಯಲ್ಲಿ ನಿಂತವು, ಹೋಗಬೇಕೋ ಬೇಡವೋ ಎಂದು ನಡುಗಿದವು, ಆಮೇಲೆ ಧೊಪ್ಪೆಂದು ಬಿದ್ದವು. ನಿಮಿಷಕ್ಕೆ ನಲವತ್ತು ಸಲ ಆಡಬೇಕು ಅನ್ನುವುದು ನಿಯಮ. ನಾನು ಎಣಿಸಿದ್ದು ಹದಿನಾಲ್ಕು. ನೀರು ಬಿಡಿ ಎಂದೆ. ಮೂರು ಎಣಿಸುವಷ್ಟರಲ್ಲಿ ಬರಬೇಕು. ಹನ್ನೊಂದಕ್ಕೆ ಬಂತು, ಅದೂ ಜ್ವರ ಬಂದವರು ಉಗುಳಿದ ಹಾಗೆ. ಅದರ ಮೇಲೆ ಎಡಗಡೆಯ ಕಡ್ಡಿ ಕೊನೆಯವರೆಗೆ ಹೋಗುತ್ತಲೇ ಇರಲಿಲ್ಲ. ನಾಲ್ಕು ಬೆರಳು ಮುಂಚೆಯೇ ನಿಂತು, ಎಡಮೂಲೆಯಲ್ಲಿ ಒಂದು ಮಬ್ಬು ಉಳಿದೇ ಇತ್ತು.

ಕಾಗದ ಇಸಿದುಕೊಂಡು ಓದಿದೆ. ತನಿಖೆಯ ಅಶ್ವತ್ಥಯ್ಯ ಸಾಹೇಬರು ಈ ಊರಿಗೆ ಹೊಸಬರು, ಬರವಣಿಗೆ ಬಲು ಖಡಕ್ಕು. 'ವೈಪರ್ ನಿಧಾನ. ನೀರು ನಿಧಾನ. ಎಡಗಡೆಯ ಮೂಲೆಯಲ್ಲಿ ಒಬ್ಬ ಹೆಂಗಸು ಉಳಿದುಕೊಂಡಿರುತ್ತಾರೆ. ತೆಗೆಯತಕ್ಕದ್ದು.'

ನನಗೆ ನಗು ತಡೆಯಲಾಗಲಿಲ್ಲ. ಗೌಡರು ನಗಲಿಲ್ಲ. ಟವೆಲ್ಲಿನ ಅಂಚು ಹಿಂಡುತ್ತಾ, "ಎಲ್ಲಾ ಸರಿ ಮಾಡವ್ವ. ಆ ಎಡಗಡೆ ಮೂಲೆ ಒಂದು ಬುಟ್ಬುಡು," ಎಂದರು.

"ಬಿಟ್ರೆ ಪಾಸಾಗೋದು ಹೆಂಗೆ? ಅವರು ಬರೆದಿರೋದು ಕಾಣಲ್ವಾ ನಿಮಗೆ?"

"ಏನಾರ ಉಪಾಯ ಮಾಡು. ನೀನು ಬುದ್ಧಿವಂತೆ," ಎಂದವರೇ ಹಿಂದೆ ನೋಡದೆ ನಡೆದುಬಿಟ್ಟರು. ಬುದ್ಧಿವಂತೆ ಎಂದು ಹೊಗಳಿ ಕಷ್ಟದ ಕೆಲಸ ತಲೆಗೆ ಕಟ್ಟುವ ಗಿರಾಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದರೂ ಪ್ರತಿ ಸಲ ಮೋಸ ಹೋಗುತ್ತೇನೆ.

ಸಾಹೇಬರು ಮೊದಲ ಸಲ ಹೆಂಗಸು ಎಂದು ಬರೆದ ದಿನದಿಂದಲೇ ಊರಿಗೆ ಬಾಯಿ ಬಂದಿತ್ತು. ಮರಿಗೌಡರ ಗಾಜಿನಲ್ಲಿರುವುದು ಅವರ ಹೆಂಡತಿ ಹೊಂಬಾಳಮ್ಮನೇ, ವ್ಯಾನು ಮನೆಗೆ ಬಂದ ದಿನ ಹಸಿರು ಸೀರೆ ಉಟ್ಟು ಆರತಿ ಎತ್ತಿದ್ದಳಲ್ಲ, ಆ ವಯಸ್ಸಿನ ಹೊಂಬಾಳಮ್ಮ ಎಂದು ಒಳ್ಳೆಯವರು ಹೇಳಿದರು. ಬಾಯಿ ಸರಿಯಿಲ್ಲದವರು ಬೇರೆ ಯಾರೋ ಎಂದರು. ಗೌಡರು ಮಾತ್ರ ತುಟಿ ಎರಡು ಮಾಡಲಿಲ್ಲ. ನಾನು ಒಳ್ಳೆಯವರ ಮಾತನ್ನೇ ನಂಬಿದ್ದೆ.

ಆವತ್ತು ಮಧ್ಯಾಹ್ನವೇ ಹೊಂಬಾಳಮ್ಮ ಅಂಗಡಿಗೆ ಬಂದರು. ಬಿರುಸಿನ ಹೆಂಗಸು, ನಡೆದು ಬಂದರೆ ಮೊದಲು ಬಳೆ ಸದ್ದು, ಆಮೇಲೆ ಮಾತು, ಕೊನೆಗೆ ಆಳು. ನಾನು ಚಿಕ್ಕಂದಿನಿಂದ ಅತ್ತಿಗೆ ಎಂದೇ ಕರೆಯುವುದು. ಬಲಗೈ ಹೆಬ್ಬೆರಳಿಗೆ ಅರಿಸಿನದ ಬಟ್ಟೆ ಸುತ್ತಿಕೊಂಡಿದ್ದರು. ಏನಾಯಿತು ಎಂದರೆ, "ನಿನ್ನೆ ಈಳಿಗೆಮಣೆ ತಾಗ್ತು, ಅದ್ ಬುಡು," ಎಂದು ಸ್ಟೂಲೆಳೆದುಕೊಂಡು ಕೂತರು.

"ನೋಡು ಇಂದ್ರ, ಆ ಮೂಲೇನ ತೊಳೆದು ಪಾಸ್ ಮಾಡ್ಸಿದ್ರೆ ಸರಿ. ಇಲ್ಲಾಂದ್ರೆ ಶನಿವಾರ ನಾನು ನಮ್ಮಕ್ಕನ ಮನೆಗೆ ಹೊಂಟೆ. ತಿರುಗಿ ಬರಕ್ಕಿಲ್ಲ."

"ಅಯ್ಯೋ, ಯಾಕತ್ತಿಗೆ? ನಿಮ್ಮದೇ ಚಿತ್ರ ಅಂತಾರಲ್ಲ ಎಲ್ಲ."

"ಅವನೂ ಅದನ್ನೇ ಅಂತಾನೆ. ಯಾರ್ ಅದು ಅಂತ ಕೇಳಿದ್ರೆ, ನೀನೇ ಕಣೆ ಅಂತಾನೆ. ನಾನೇ ಆದ್ರೆ ನನ್ನ ನೋಡಕ್ಕೇನು ರೋಗ ಬಂದದೆ ಅವನಿಗೆ? ದಿನಾ ಬೆಳಿಗ್ಗೆ ಗೇಟಿನ ಮುಂದೆ ನಾನು ಕ್ಯಾರಿಯರ್ ಹಿಡ್ಕಂಡು ನಿಂತಿರ್ತೀನಿ. ಇವನು ಗಾಡಿ ಒಳಗೆ ಕೂತ್ಕಂಡು ಗಾಜನ್ನೇ ದಿಟ್ಟಿಸ್ತಾನೆ. ತುಟಿ ಬೇರೆ ಪಿಟಿಪಿಟಿ ಅಂತ ಆಡ್ತಿರ್ತದೆ, ಅವಳ ಕೂಟೆ ಅದೇನು ಮಾತೋ! ಬಾರಯ್ಯ, ಅನ್ನ ತಣ್ಣಗಾಯ್ತದೆ ಅಂತ ಬಾಯಿ ಬಡ್ಕಂಡ್ರೂ ಕದಲಕ್ಕಿಲ್ಲ. ಕಾಲು ನೋವು ನನಗೆ, ಕಂಬದಂಗೆ ನಿಲ್ಲಿಸ್ತಾನೆ. ಇಪ್ಪತ್ತೆರಡು ವರ್ಷ ಹಿಂದಿನವಳ ಮುಖ ನೋಡ್ಕಂಡು ನಗ್ತಾನೆ ಅಂದ್ರೆ ಈಗಿನವಳು ಏನಕ್ಕೆ? ಅನ್ನ ಬೇಯ್ಸಕ್ಕಾ?"

ಬೈಯುತ್ತ ಬೈಯುತ್ತ ಅವರ ಕಣ್ಣು ತುಂಬಿಬಿಟ್ಟಿತು. ಕನ್ನಡಕ ತೆಗೆದು ಹಣೆಯ ಮೇಲೆ ಏರಿಸಿದರು. ನನಗೆ ಮರಿಗೌಡರ ಮೇಲೆ ಸಿಟ್ಟು ನೆತ್ತಿಗೇರಿತು. ಬದುಕಿರುವ ಹೆಂಡತಿ ಎದುರಿಗೆ ನಿಂತಿರುವಾಗ ಗಾಜಿಗೆ ಹಲ್ಲು ಕಿರಿಯುವ ಗಂಡಸಿಗೆ ಏನು ಹೇಳುವುದು? ಶನಿವಾರದೊಳಗೆ ಆ ಮೂಲೆ ಕನ್ನಡಿಯ ಹಾಗೆ ಮಾಡಿಕೊಡುತ್ತೇನೆ, ಹೋಗಿ ಅತ್ತಿಗೆ ಎಂದು ಮಾತು ಕೊಟ್ಟೆ. ಹಾಗೆ ಗೌಡರ ಕೆಲಸವನ್ನೂ ಹೊತ್ತು, ಗೌಡತಿಗೂ ಮಾತು ಕೊಟ್ಟು ಕೂತೆ.

ಮಂಗಳವಾರ ಮತ್ತು ಬುಧವಾರ ವೈಪರಿನ ಕೆಲಸ. ಹಳೇ ಗಾಡಿಗಳಲ್ಲಿ ಕಡ್ಡಿ ನಿಧಾನವಾದರೆ ಎಲ್ಲರೂ ಮೋಟಾರನ್ನು ಬೈಯುತ್ತಾರೆ. ಮೋಟಾರು ಪಾಪದ್ದು, ಅದು ಎಳೆಯುತ್ತಲೇ ಇರುತ್ತದೆ. ಕಡ್ಡಿಯ ಬುಡದಲ್ಲಿ ಒಂದು ಗೂಟವಿರುತ್ತದೆ, ಅದು ತಿರುಗುವ ತೂತಿನಲ್ಲಿ ಗ್ರೀಸು ಒಣಗಿ ಹಳೇ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಎರಡೂ ಗೂಟ ಬಿಚ್ಚಿ ಸೀಮೆಎಣ್ಣೆಯಲ್ಲಿ ಒಂದು ದಿನ ನೆನೆಹಾಕಿದೆ. ತುಕ್ಕನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ಬೆರಳಲ್ಲಿ ತಿರುಗಿಸಿದರೆ ತಾನಾಗಿ ಓಡುವ ತನಕ ತಿಕ್ಕಿ, ಹೊಸ ಗ್ರೀಸು ತುಂಬಿ ಕೂರಿಸಿದೆ. ಬ್ಲೇಡಿನ ರಬ್ಬರು ಸೀಳಿ ಹೋಗಿತ್ತು, ಬದಲಾಯಿಸಿದೆ.

ಎಡಗಡೆಯ ಗೂಟ ಬಿಚ್ಚುವಾಗ ಒಂದು ತುಂಡು ಕೈಗೆ ಸಿಕ್ಕಿತು. ಸೈಕಲ್ ಟ್ಯೂಬಿನ ತುಂಡು, ಅಂದವಾಗಿ ಕತ್ತರಿಸಿ, ಕಡ್ಡಿಯ ಬುಡಕ್ಕೆ ಅಡ್ಡ ಕೊಟ್ಟಿದ್ದರು. ಕಡ್ಡಿ ಮೂಲೆಗೆ ಹೋಗದಂತೆ ಬೇಕೆಂದೇ ಇಟ್ಟದ್ದು. ಎರಡು ಕಡ್ಡಿಯೂ ಒಳಗೆ ಒಂದೇ ಸಲಾಕೆಗೆ ಸೇರಿರುತ್ತವೆ. ಒಂದನ್ನು ತಡೆದರೆ ಇನ್ನೊಂದೂ ತಡವರಿಸುತ್ತದೆ. ಇಡೀ ಗಾಜು ಕೆಟ್ಟದ್ದು ಈ ಒಂದು ತುಂಡಿನಿಂದ. ಅಲ್ಲ, ಆ ಮುದುಕನಿಗೆ ಎಷ್ಟು ಧೈರ್ಯ ನೋಡಿ ಎಂದು ಒಬ್ಬಳೇ ಬೈದುಕೊಂಡೆ. ಟ್ಯೂಬಿನ ತುಂಡನ್ನು ಡಬ್ಬಿಗೆ ಹಾಕಿದೆ.

ಗುರುವಾರ ನೀರಿನ ಕೆಲಸಕ್ಕೆ ಕೈ ಹಾಕಿದೆ. ನೀರಿನ ಡಬ್ಬದ ತಳದಲ್ಲಿ ಕೆರೆಯಷ್ಟು ಪಾಚಿ. ಬಿಸಿನೀರು ಹಾಕಿ ಕುಲುಕಿ ತೊಳೆದೆ. ಪೈಪು ಒಂದು ಕಡೆ ಮಡಿಚಿಕೊಂಡಿತ್ತು, ಆ ಭಾಗ ಕತ್ತರಿಸಿ ಜೋಡಿಸಿದೆ. ಕೊನೆಗೆ ಗಾಜಿಗೆ ನೀರು ಚಿಮ್ಮುವ ಎರಡು ಮೂತಿಗಳನ್ನು ಸೂಜಿ ಹಿಡಿದು ನೋಡಿದೆ. ಬಲಗಡೆಯದು ಮುಕ್ಕಾಲು ಕಟ್ಟಿಕೊಂಡಿತ್ತು, ಅದು ಮಾಮೂಲು. ಎಡಗಡೆಯದು ಮಾತ್ರ ಒಳಗೆಲ್ಲ ಶುದ್ಧ, ಆದರೆ ಅದರ ಮುಖ ತಿರುಗಿತ್ತು. ಯಾರೋ ಸೂಜಿ ತೂರಿಸಿ ಮೆಲ್ಲಗೆ ತಿರುಗಿಸಿ, ನೀರೆಲ್ಲ ನೇರವಾಗಿ ಎಡಮೂಲೆಗೆ ಬೀಳುವ ಹಾಗೆ ಮಾಡಿದ್ದರು. ಬೇಕೆಂದಾಗ ಮಾತ್ರ ಆ ಕಡೆ ನೀರು ಬರಲಿ ಎಂದು ಅದರ ಪೈಪಿಗೊಂದು ಪುಟ್ಟ ನಲ್ಲಿಯನ್ನೂ ಕೂರಿಸಿ ಮುಚ್ಚಿಟ್ಟಿದ್ದರು.

ಸೂಜಿ ಹಿಡಿದುಕೊಂಡು ಹಾಗೇ ನಿಂತೆ. ಕಡ್ಡಿ ಬರದಂತೆ ಟ್ಯೂಬು ಇಟ್ಟವರು ಅವರೇ, ನೀರು ಅಲ್ಲಿಗೇ ಬೀಳುವಂತೆ ಮಾಡಿದವರೂ ಅವರೇ. ಚಿತ್ರ ಉಳಿಸಿಕೊಳ್ಳಬೇಕು ಅನ್ನುವವರು ಅದರ ಮೇಲೆ ನೀರು ಯಾಕೆ ಬಿಡುತ್ತಾರೆ? ನೀರು ಬಿದ್ದು ಬಿದ್ದು ಇಪ್ಪತ್ತೆರಡು ವರ್ಷದ ಹಿಂದಿನವಳು ಇರಲಿ, ಮೊನ್ನೆಯವಳೂ ಉಳಿಯುವುದಿಲ್ಲವಲ್ಲ. ಹೊಂಬಾಳಮ್ಮ ಹೇಳಿದ ಪಿಟಿಪಿಟಿ ತುಟಿ ಆಗ ನೆನಪಿಗೆ ಬಂತು. ಒಂದು, ಎರಡು, ಮೂರು. ಗೇಟಿನ ಮುಂದೆ ನೂರರ ತನಕ. ಅಯ್ಯೋ ನನ್ನ ಮಂಕುಬುದ್ಧಿಯೇ ಎಂದು ಹಣೆ ಚಚ್ಚಿಕೊಂಡೆ. ಆದರೂ ಖಾತ್ರಿ ಬೇಕಿತ್ತು, ಖಾತ್ರಿಯಾಗಬೇಕಾದರೆ ಆ ಸೀಟಿನಲ್ಲಿ ಯಾರಾದರೂ ಕೂರಬೇಕಿತ್ತು.

ಅಷ್ಟರಲ್ಲಿ ಬಳೆಯ ಸದ್ದು ಕೇಳಿಸಿತು. ಹೊಂಬಾಳಮ್ಮ ಒಂದು ಕೈಯಲ್ಲಿ ನನಗಾಗಿ ಅವರೇಕಾಳಿನ ಉಪ್ಪಿಟ್ಟು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಬಂದಿದ್ದರು. "ನೀನು ಒರ್ಸಕ್ಕಿಲ್ಲ ಅಂತ ನಂಗೊತ್ತು, ಅವನಿಗೂ ಮಾತು ಕೊಟ್ಟಿರ್ತೀಯ. ಬುಡು, ನಾನೇ ಒರೆಸ್ಕತೀನಿ," ಎಂದು ಉಪ್ಪಿಟ್ಟಿನ ಡಬ್ಬಿ ನನ್ನ ಕೈಗಿಟ್ಟು ಎಡಮೂಲೆಯ ಕಡೆ ಹೊರಟರು.

ಅಡ್ಡ ನಿಂತೆ. "ಒರೆಸಿ ಅತ್ತಿಗೆ, ಬೇಡ ಅನ್ನಲ್ಲ. ಒರೆಸೋಕೆ ಮುಂಚೆ ಒಂದು ಸಲ ಹತ್ತಿ ಕೂತು ನೋಡಿ."

"ಥೂ! ಅವನ ಸೀಟಲ್ಲಾ?" ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. "ಅದೆಲ್ಲ ಆಗಕ್ಕಿಲ್ಲ ಕಣೆ. ನೋಡಿದವರು ಏನಂದಾರು?"

"ನೋಡೋಕೆ ಇಲ್ಲಿ ನಾನೊಬ್ಬಳೇ ಇರೋದು. ಪಾಪ ಬಂದರೆ ನನಗೇ ಬರಲಿ, ಹತ್ತಿ."

ಐದು ನಿಮಿಷ ಎಳೆದಾಡಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಹತ್ತಿದರು. ಸ್ಟೀರಿಂಗ್ ಮುಟ್ಟದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮೊದಲು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಹಣೆಯ ಮೇಲಿದ್ದ ಕನ್ನಡಕ ಇಳಿಸಿ, ಹಾ ಎಂದು ಊದಿ, ಸೆರಗಿನಲ್ಲಿ ಚೆನ್ನಾಗಿ ಒರೆಸಿ ಹಾಕಿಕೊಂಡರು. ಎಡಮೂಲೆಯ ಕಡೆ ತಿರುಗಿದರು.

ನಾನು ಹೊರಗೆ ನಿಂತಿದ್ದೆ. ನನಗೆ ಕಂಡದ್ದು ಗಾಜಿನ ಮಬ್ಬು ಮತ್ತು ಅದರ ಹಿಂದೆ ಹೊಂಬಾಳಮ್ಮನ ಮುಖ. ಅವರು ತಮ್ಮ ಬಲಗೈ ಹೆಬ್ಬೆರಳನ್ನು ಎತ್ತಿ ಹಿಡಿದು ಅದನ್ನೊಮ್ಮೆ ಮೂಲೆಯನ್ನೊಮ್ಮೆ ನೋಡಿದರು.

"ಬೆರಳಿಗೆ ಅರಿಸಿನದ ಬಟ್ಟೆ ಅದೆ," ಎಂದರು.

"ಹೂಂ."

"ಇದು ಸೋಮವಾರದ್ದು ಕಣೆ. ಕಂದು ಸೀರೆಗೆ ಆವತ್ತು ಹಸಿರು ರವಿಕೆ ಹಾಕ್ಕಂಡಿದ್ದೆ, ಕಂದು ರವಿಕೆ ಒಣಗಿರ್ಲಿಲ್ಲ. ತಲೆ ಬಾಚಿಲ್ಲ, ಎಲ್ಲ ಬೆಳ್ಳಗೆ ಕೆದರ್ಕಂಡದೆ. ಕೈಯಾಗೆ ಕ್ಯಾರಿಯರ್ರು. ಬಾಯಿ ನೋಡು ಹೆಂಗೆ ತೆಗ್ದಿವ್ನಿ, ಬೈತಾ ಇವ್ನಿ!" ಅವರ ದನಿ ಒಡೆಯಿತು. "ಈ ಮೋರೇನ ಇಟ್ಕಂಡು ಏನ್ ಮಾಡ್ತಾನೆ ಅವನು?"

ನಾನು ಟ್ಯೂಬಿನ ತುಂಡು ತೋರಿಸಿದೆ, ನೀರಿನ ಮೂತಿ ತೋರಿಸಿದೆ. ದಿನಾ ಬೆಳಿಗ್ಗೆ ನಲ್ಲಿ ತೆರೆದು ನೀರು ಬಿಟ್ಟು ಹಳೆಯದನ್ನು ಕಳೆದು, ನೂರು ಎಣಿಸಿ ಹೊಸದನ್ನು ಹಿಡಿಸಿಕೊಳ್ಳುತ್ತಾರೆ ಅತ್ತಿಗೆ, ಗಾಜನ್ನು ದಿಟ್ಟಿಸುತ್ತಿರಲಿಲ್ಲ, ಗಾಜಿನೊಳಗಿಂದ ನಿಮ್ಮನ್ನೇ ನೋಡುತ್ತಿದ್ದರು ಎಂದೆ. ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು. ನಾನು ಉಪ್ಪಿಟ್ಟಿನ ಡಬ್ಬಿ ತೆಗೆದು ಒಂದು ತುತ್ತು ಬಾಯಿಗೆ ಹಾಕಿಕೊಂಡೆ, ಬೇರೇನೂ ತೋಚಲಿಲ್ಲ.

ಇಳಿದು ಬಂದವರೇ ಒದ್ದೆ ಬಟ್ಟೆ ತೆಗೆದುಕೊಂಡು ಎಡಮೂಲೆಯನ್ನು ತಿಕ್ಕಿ ತಿಕ್ಕಿ ಒರೆಸಿಬಿಟ್ಟರು. ನಾನು ಹಾ ಎಂದು ಬಾಯಿ ತೆರೆಯುವಷ್ಟರಲ್ಲಿ ಮೂಲೆ ಫಳಫಳ ಅನ್ನುತ್ತಿತ್ತು. "ಇಪ್ಪತ್ತಾರು ಮಕ್ಕಳ ಗಾಡಿ. ಮೂಲೆ ಕಾಣ್ದೆ ಯಾವ್ದಾದ್ರೂ ಮಗ ಅಡ್ಡ ಬಂದ್ರೆ? ಬುದ್ಧಿ ಬೇಡವಾ ಆ ಮನುಷ್ಯನಿಗೆ? ಕಡ್ಡಿ ಕಡೇ ಗಂಟ ಹೋಗೋ ಹಂಗೆ ಮಾಡು. ನಾನು ಹತ್ತಿದ್ದು ಅವನಿಗೆ ಹೇಳ್ಬೇಡ," ಎಂದು ಹೊರಟುಹೋದರು.

ಶುಕ್ರವಾರ ಸಾಯಂಕಾಲ ಗೌಡರು ಬಂದಾಗ ವ್ಯಾನು ತಯಾರಾಗಿತ್ತು. ಸ್ವಿಚ್ ಹಾಕಿದರೆ ಕಡ್ಡಿಗಳು ಸದ್ದಿಲ್ಲದೆ ಓಡಿದವು. ಎರಡು ಎಣಿಸುವಷ್ಟರಲ್ಲಿ ನೀರು ಗಾಜಿನ ತುಂಬಾ. ಎಂಥವರಿಗೂ ಖುಷಿಯಾಗಬೇಕು, ನನಗಂತೂ ನನ್ನ ಕೈಗೆ ನಾನೇ ಮುತ್ತಿಡುವಷ್ಟು ಖುಷಿ. ಗೌಡರು ಮಾತ್ರ ಎಡಮೂಲೆ ನೋ​ಡುತ್ತ ಕೂತರು.

"ಒರೆಸ್ಬುಟ್ಟೆ," ಎಂದರು.

ಹೇಳಬೇಡ ಎಂದದ್ದನ್ನು ಹೇಳದಿರುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ. "ನಾನಲ್ಲ, ಅತ್ತಿಗೆ ಒರೆಸಿದ್ದು. ಸೀಟಿನಲ್ಲಿ ಕೂತು ನೋಡಿದ ಮೇಲೆ."

ಗೌಡರ ಮುಖ ಬಿಳಿಚಿಕೊಂಡಿತು. "ಕೂತಿದ್ಲಾ? ಏನಂದ್ಲು?"

"ನಿಮಗೆ ಹೇಳೋ ಅಂಥದ್ದು ಏನೂ ಅನ್ನಲಿಲ್ಲ."

"ಏನೂ ಅನ್ಲಿಲ್ವಾ? ಕೆಟ್ಟೆ ಹಂಗಾದ್ರೆ." ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಆಮೇಲೆ ತಾವಾಗಿಯೇ ಹೇಳಿದರು: "ಹಿಂದ್ಗಡೆ ಇಪ್ಪತ್ತಾರು ಮಕ್ಕಳು ಕಿರುಚ್ತವೆ. ತಲೆ ಕೆಟ್ಟು ಕಾಲು ಜೋರಾಗಿ ಒತ್ಬುಡ್ತದೆ ಕಣವ್ವ. ಮೂಲೇಲಿ ಅವಳು ಬೈತಾ ನಿಂತಿದ್ರೆ ಕಾಲು ತಾನಾಗೇ ಬ್ರೇಕಿಗೆ ಹೋಯ್ತದೆ. ಇಪ್ಪತ್ತೆರಡು ವರ್ಷ ಒಂದು ಕೋಳಿಗೂ ತಾಗಿಸಿಲ್ಲ ನಾನು. ಆಮೇಲೆ... ದಿನಾ ನೋಡ್ಬೇಕು ಅನ್ನಿಸ್ತದೆ. ಎದುರಿಗೆ ನಿಂತು ನೋಡಿದ್ರೆ ಏನ್ ನೋಡ್ತೀಯ ಅಂತ ಬೈತಾಳೆ."

"ಇದನ್ನ ಅವರ ಹತ್ತಿರ ಹೇಳೋಕಾಗಲ್ವಾ?"

"ಹೇಳ್ದೆನಲ್ಲ, ನೀನೇ ಕಣೆ ಅಂತ," ಎಂದರು ಗೌಡರು. ಪಾಪ, ಅವರ ಮಟ್ಟಿಗೆ ಅದು ಪೂರ್ತಿ ಹೇಳಿದ ಹಾಗೆಯೇ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಬಯಲಿನಲ್ಲಿ ತನಿಖೆ. ಗೇಟಿನ ಹತ್ತಿರ ಮಕ್ಕಳು ಬ್ಯಾಗು ಹೊತ್ತುಕೊಂಡು ಸಾಲಾಗಿ ನಿಂತಿದ್ದರು, ನಾಲ್ಕು ದಿನ ನಡೆದು ಕಾಲು ಕೆಂಪಗಾಗಿತ್ತು. ನಾನು ಅಂಗಡಿಗೆ ಬೀಗ ಹಾಕಿ, ಗ್ರೀಸಿನ ಡಬ್ಬಿ ಸಮೇತ ಹೋಗಿದ್ದೆ. ಗೌಡರು ವ್ಯಾನಿನಿಂದ ಇಳಿದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

"ಗೇಟ್ ಹತ್ರ ಅವಳಿರ್ಲಿಲ್ಲ ಇಂದ್ರವ್ವ. ಮನೆಯೆಲ್ಲ ಕೂಗ್ದೆ. ಒಲೆ ಆರ್ಸವ್ಳೆ. ಕ್ಯಾರಿಯರ್ ಕೂಡ ಗೂಡಲ್ಲಿಲ್ಲ. ಹೋಗೇ ಬುಟ್ಲು ಅಕ್ಕನ ಮನೆಗೆ."

ನನ್ನ ಬಾಯಿಯಿಂದಲೇ ಹೀಗಾಯಿತೇನೋ ಅನ್ನಿಸಿತು. ಅಷ್ಟರಲ್ಲಿ ಅಶ್ವತ್ಥಯ್ಯ ಸಾಹೇಬರು ಬಂದು ಡ್ರೈವರ್ ಸೀಟು ಹತ್ತಿದರು. ಕನ್ನಡಕ ಒರೆಸಿಕೊಂಡರು, ಗಡಿಯಾರ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದರು, ನೀರು ಬಿಟ್ಟರು. "ಎರಡು ಎಣಿಕೆ. ಸರಿಯಾಗಿದೆ," ಎಂದರು. ವೈಪರ್ ಹಾಕಿದರು. ಎಡಗಡೆ ಬಲಗಡೆ, ಎಡಗಡೆ ಬಲಗಡೆ, ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿದವು ಕಡ್ಡಿಗಳು. ಮಕ್ಕಳು ಗಟ್ಟಿಯಾಗಿ ಎಣಿಸತೊಡಗಿದರು. ಗೌಡರು ನೆಲ ನೋಡುತ್ತ ನಿಂತಿದ್ದರು, ಅವರಿಗೆ ಪಾಸೂ ಬೇಕಿರಲಿಲ್ಲ, ಫೇಲೂ ಬೇಕಿರಲಿಲ್ಲ.

ಹತ್ತೋ ಹನ್ನೆರಡೋ ಎಣಿಸುವಾಗ ನನಗೆ ಬಳೆಯ ಸದ್ದು ಕೇಳಿತು.

"ನಲವತ್ತು!" ಎಂದು ಮಕ್ಕಳು ಕೂಗಿದರು. ಸಾಹೇಬರೂ ನಲವತ್ತು ಎಂದು ಗಡಿಯಾರ ನಿಲ್ಲಿಸಿ ತಲೆ ಎತ್ತಿದರು. ಅವರ ಹುಬ್ಬು ಗಂಟಾಯಿತು. "ಏನ್ರೀ ಇದು! ಎರಡು ಸಲ ಬರೆದುಕೊಟ್ಟಿದ್ದೀನಿ. ಹೆಂಗಸು ಹೋಗೇ ಇಲ್ವಲ್ರೀ!"

ಮತ್ತೆ ನೀರು ಬಿಟ್ಟರು, ಮತ್ತೆ ಕಡ್ಡಿ ಆಡಿಸಿದರು. ಕಡ್ಡಿ ಎಡಮೂಲೆಯ ಕಟ್ಟಕಡೆಯವರೆಗೆ ಹೋಗಿ ಹೋಗಿ ಬಂತು. ಸಾಹೇಬರು ಕನ್ನಡಕ ತೆಗೆದು ಊದಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. "ಅದೇ ಹೆಂಗಸು! ಅದೇ ಕ್ಯಾರಿಯರ್! ಬೆರಳಿಗೆ ಅದೇ ಬಟ್ಟೆ!"

ಗೌಡರು ಗಾಬರಿಯಾಗಿ ತಲೆ ಎತ್ತಿದರು. ವ್ಯಾನಿನ ಎಡಗಡೆಯ ದೀಪದ ಮುಂದೆ ಮೂರು ಹೆಜ್ಜೆ ದೂರದಲ್ಲಿ ಹೊಂಬಾಳಮ್ಮ ನಿಂತಿದ್ದರು. ತಲೆ ಬಾಚಿಕೊಂಡು, ಕಂದು ಸೀರೆಗೆ ಕಂದು ರವಿಕೆಯನ್ನೇ ಹಾಕಿಕೊಂಡು, ಕ್ಯಾರಿಯರ್ ಎರಡೂ ಕೈಯಲ್ಲಿ ಹಿಡಿದುಕೊಂಡು. ಕಾಲು ನೋವಿನಲ್ಲೂ ಗಾಡಿಗಿಂತ ಮೊದಲೇ ಮನೆ ಬಿಟ್ಟು ನಡೆದು ಬಂದಿದ್ದರು.

"ಹೋಗಕ್ಕಿಲ್ಲ ಸ್ವಾಮಿ ಅವಳು," ಎಂದರು ಮರಿಗೌಡರು. "ಎಷ್ಟು ಒರೆಸಿದ್ರೂ ಹೋಗಕ್ಕಿಲ್ಲ."

ನಾನೇ ಹತ್ತಿರ ಹೋಗಿ, "ಸಾಹೇಬ್ರೇ, ತಲೆ ಒಂಚೂರು ಕಿಟಕಿಯಿಂದ ಆಚೆ ಹಾಕಿ ನೋಡಿ," ಎಂದೆ. ಹಾಕಿದರು. ಗಾಜಿನೊಳಗಿದ್ದ ಹೆಂಗಸು ಗಾಜಿನ ಹೊರಗೂ ನಿಂತು ಅವರನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಸಾಹೇಬರು ಒಂದು ಸಲ ಒಳಗೆ, ಒಂದು ಸಲ ಹೊರಗೆ, ಹೀಗೆ ಮೂರು ಸಲ ನೋಡಿದರು. ಆಮೇಲೆ ಇಳಿದು, ಯಾರ ಮುಖವನ್ನೂ ನೋಡದೆ ಕಾಗದಕ್ಕೆ ಮೊಹರು ಒತ್ತಿ ಬರೆದರು: 'ಗಾಜು ಶುದ್ಧವಾಗಿರುತ್ತದೆ. ಹೆಂಗಸು ಹೊರಗಡೆ ಇರುತ್ತಾರೆ.'

ಮಕ್ಕಳು ಹೋ ಎಂದು ಕೂಗುತ್ತ ವ್ಯಾನಿಗೆ ನುಗ್ಗಿದರು, ಶಾಲೆ ಎದುರಿಗೇ ಇದೆ, ಒಂದು ಸುತ್ತು ಹಾಕಿಸಿ ಎಂದು ಒಂದೇ ಗಲಾಟೆ. ಗೌಡರು ತಮ್ಮ ಸೀಟಿಗೆ ಹತ್ತಿ ವೈಪರ್ ನಿಲ್ಲಿಸಿದರು. ಹೊಂಬಾಳಮ್ಮ ಕ್ಯಾರಿಯರ್ ಕೊಡಲು ಬರಲಿಲ್ಲ, ನಿಂತಲ್ಲೇ ನಿಂತಿದ್ದರು. ಗೌಡರು ಗಾಜಿನ ಒಳಗಿನಿಂದ ನೋಡಿದರು. ಅವರ ತುಟಿ ಮೆಲ್ಲಗೆ ಆಡತೊಡಗಿತು.

"ಅತ್ತಿಗೆ, ಇನ್ನೂ ಯಾಕೆ ನಿಂತಿದ್ದೀರಿ? ಅವರು ಕಡ್ಡಿ ಹಾಕಿದ ಕೂಡಲೇ ಹೋಗಿಬಿಡುತ್ತೆ, ಈಗ ಟ್ಯೂಬಿಲ್ಲ," ಎಂದೆ.

"ಮೊದಲ್ನೇ ತಿರುವಿನ ಗಂಟ ಇದ್ರೆ ಸಾಕು ಬುಡು," ಎಂದರು ಹೊಂಬಾಳಮ್ಮ, ಮುಖ ಅಲ್ಲಾಡಿಸದೆ. "ಸೋಮವಾರ ಮತ್ತೆ ನಿಂತ್ಕತೀನಿ. ಸುಮ್ನಿರೇ ಈಗ, ನೂರಾಗ್ಲಿ."